ಸಣ್ಣ ಟ್ರಾಕ್ಟರೋ ದೊಡ್ಡ ಟ್ರಾಕ್ಟರೋ

ಮೊನ್ನೆ ಬೈಲಹೊಂಗಲದ ಪೇಟೆಯಲ್ಲಿ ಒಂದು ಜೊತೆ ಚಪ್ಪಲಿ ಕೊಳ್ಳಲು ಹೋಗಿ ಪೂರಾ ಒಂದು ತಾಸು ಕಳೆದೆ. ಅಂಗಡಿಯವನು ಎರಡು ಜೊತೆ ತೆಗೆದು ಮುಂದಿಟ್ಟಿದ್ದ. ಒಂದು ಕರಿಯದು, ಇನ್ನೊಂದು ಕಂದು. ಒಂದೇ ಜೊತೆ ಇಟ್ಟಿದ್ದರೆ ಐದು ನಿಮಿಷದಲ್ಲಿ ಮೆಟ್ಟಿಕೊಂಡು ಹೊರಬೀಳುತ್ತಿದ್ದೆ. ಎರಡು ಇಟ್ಟದ್ದೇ ಅವನ ತಪ್ಪು. ನಾನು ಎಡಗಾಲಿಗೆ ಕರಿಯದು, ಬಲಗಾಲಿಗೆ ಕಂದು ಹಾಕಿಕೊಂಡು ಅಂಗಡಿಯ ತುಂಬ ಓಡಾಡಿದೆ. ಕನ್ನಡಿಯ ಮುಂದೆ ನಿಂತೆ. ಅದಲುಬದಲು ಮಾಡಿ ಮತ್ತೆ ಓಡಾಡಿದೆ. ಕೊನೆಗೆ ಅವನ ತಾಳ್ಮೆ ಹರಿಯಿತು.

"ಮಾಸ್ತರ, ಟ್ರಾಕ್ಟರ್ ಖರೀದಿಗೆ ಬಂದಂಗ ಮಾಡಾಕ ಹತ್ತೀರಲ್ರಿ! ಯಾವುದರ ಒಂದು ಅನ್ರಿ," ಅಂದ.

ಪಾಪ, ಚೇಷ್ಟೆಗೆ ಅಂದದ್ದು. ಹರೆಯದ ಹುಡುಗ, ಅವನಿಗೆ ನಮ್ಮ ಮನೆಯ ಕಥೆ ಹೇಗೆ ಗೊತ್ತಿರಬೇಕು? ನಾನು ಮಾತ್ರ ಎರಡನ್ನೂ ಅಲ್ಲೇ ಬಿಟ್ಟು ಹಳೆಯ ಚಪ್ಪಲಿಯಲ್ಲೇ ಮನೆಗೆ ಬಂದುಬಿಟ್ಟೆ. "ಹೋದ್ಯಾ ಪುಟ್ಟಾ ಅಂದ್ರ ಬಂದ್ಯಾ ಪುಟ್ಟಾ," ಎಂದು ಹೆಂಡತಿ ನಕ್ಕಳು. ನಾನೂ ನಕ್ಕೆ. ಆದರೆ ಆ ದಿನವೆಲ್ಲ ತಲೆಯಲ್ಲಿ ಟ್ರಾಕ್ಟರಿನ ಸಪ್ಪಳವೇ ಇತ್ತು.

ಆರಿಸುವ ವಿದ್ಯೆ ನನಗೆ ಯಾರೂ ಕಲಿಸಲಿಲ್ಲ ನೋಡಿ. ನಮ್ಮ ಬಾಲ್ಯದಲ್ಲಿ ಆರಿಸುವುದಕ್ಕೆ ಏನಿತ್ತು? ದೀಪಾವಳಿಗೆ ಅಪ್ಪ ಬೈಲಹೊಂಗಲದಿಂದ ಒಂದೇ ಥಾನು ಬಟ್ಟೆ ತರುತ್ತಿದ್ದ. ಅದರಲ್ಲೇ ನನಗೊಂದು ಅಂಗಿ, ತಂಗಿಯರಿಗೆ ಲಂಗ, ಉಳಿದದ್ದರಲ್ಲಿ ತಲೆದಿಂಬಿನ ಚೀಲ. ಹಬ್ಬದ ದಿನ ನಾವು ಮಲಗಿದರೆ ಯಾವುದು ಹುಡುಗ, ಯಾವುದು ದಿಂಬು ಎಂದು ತಿಳಿಯುತ್ತಿರಲಿಲ್ಲ. ಊಟಕ್ಕೆ ಕೂತರೆ ರೊಟ್ಟಿ ಬರುತ್ತಿತ್ತು. ರೊಟ್ಟಿ ಬೇಕೋ ಇನ್ನೇನಾದರೂ ಬೇಕೋ ಎಂದು ಯಾರಾದರೂ ಕೇಳಿದ್ದರೆ ಕೇಳಿದವರಿಗೆ ಜ್ವರ ಬಂದಿದೆ ಎಂದುಕೊಳ್ಳುತ್ತಿದ್ದೆವು. ಮನೆಯ ತೀರ್ಮಾನಗಳೂ ಹಾಗೆಯೇ, ಬೆಂದು ತಯಾರಾಗಿ ಬರುತ್ತಿದ್ದವು. ಅಪ್ಪ ಹೇಳುತ್ತಿದ್ದ, ಕಾಕಾ "ಹೂಂ" ಅನ್ನುತ್ತಿದ್ದ. ಮುಗಿಯಿತು.

ಕಾಕಾ ಅಂದರೆ ಅಪ್ಪನ ಬೆನ್ನಿಗೆ ಬಿದ್ದ ತಮ್ಮ, ಕಲ್ಲಪ್ಪ. ಇಬ್ಬರದೂ ಕೂಡಿ ಹದಿನೆಂಟು ಎಕರೆ ಎರೆಭೂಮಿ, ಮುರಗೋಡಕ್ಕೆ ಹೋಗುವ ದಾರಿಯ ಬದಿಗೆ. ನಡುವೆ ಒಂದು ಉದ್ದನೆಯ ಬದು, ಮಳೆಗೆ ಮಣ್ಣು ಹರಿದುಹೋಗಬಾರದೆಂದು ಅಜ್ಜ ಹಾಕಿಸಿದ್ದು. ಮೇಲೆ ಒಂಬತ್ತು, ಕೆಳಗೆ ಒಂಬತ್ತು. ಮನೆಯಲ್ಲಿ ಒಲೆ ಮಾತ್ರ ಒಂದೇ. ಕಾಕಾನಿಗೆ ಮಕ್ಕಳಿರಲಿಲ್ಲ; ಅವನೂ ಕಾಕಿಯೂ ನಮ್ಮನ್ನೇ ಹೊತ್ತು ತಿರುಗಿದವರು. ಕಾಕಾ ಹೊಲದಿಂದ ಬರುವವರೆಗೆ ಅಪ್ಪ ಉಣ್ಣುತ್ತಿರಲಿಲ್ಲ. ಹೊಟ್ಟೆ ಹಸಿದು ಅವ್ವನ ಮೇಲೆ ರೇಗುತ್ತಿದ್ದ, ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ, ಆದರೆ ಗಂಗಾಳದ ಮುಂದೆ ಕೂಡುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು ಇದು. ನಾನು ಆಗ ಕಿತ್ತೂರಿನ ಒಂದು ಸಾಲೆಯಲ್ಲಿ ಮಾಸ್ತರನಾಗಿದ್ದೆ. ಅಲ್ಲೇ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದೆ. ಶನಿವಾರ ಅರ್ಧ ದಿನದ ಸಾಲೆ ಮುಗಿಸಿ, ಬಸ್ಸು ಹಿಡಿದು, ಬೈಲಹೊಂಗಲದಲ್ಲಿ ಇಳಿದು, ಇನ್ನೊಂದು ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಊರು ಸೇರುತ್ತಿದ್ದೆ. ಅಂಥದ್ದೊಂದು ಶನಿವಾರ ಮನೆಗೆ ಬಂದರೆ ಅಪ್ಪ, ಕಾಕಾ ಇಬ್ಬರೂ ಪಡಸಾಲೆಯಲ್ಲಿ ಕಂಬಕ್ಕೊಬ್ಬರಂತೆ ಒರಗಿ ಕುಳಿತಿದ್ದರು. ನಡುವೆ ಎರಡು ಬಣ್ಣದ ಕಾಗದ. ಒಂದರಲ್ಲಿ ದೊಡ್ಡ ಟ್ರಾಕ್ಟರಿನ ಚಿತ್ರ, ಇನ್ನೊಂದರಲ್ಲಿ ಸಣ್ಣ ಟ್ರಾಕ್ಟರಿನದು. ಎರಡು ವರ್ಷ ಹತ್ತಿ ಚೆನ್ನಾಗಿ ಬಂದಿತ್ತು. ಹೊಲದಲ್ಲಿ ಕರಿಕೆ ಹುಲ್ಲು ಆಳಕ್ಕೆ ಇಳಿದಿತ್ತು. ಎಂಟೆತ್ತಿನ ನೇಗಿಲು ಹೂಡಿದರೂ ಬೇರು ಕೀಳುತ್ತಿರಲಿಲ್ಲ. ಹಾಗಾಗಿ ಟ್ರಾಕ್ಟರ್ ತರಬೇಕು, ಕಾಕಾ ಹೊಡೆಯಬೇಕು ಎಂದು ಅಪ್ಪ ಅಂದಿದ್ದ, ಕಾಕಾ ಹೂಂ ಅಂದಿದ್ದ. ಅಲ್ಲಿಯವರೆಗೆ ಸರಿ. ಯಾವುದು ಎಂಬಲ್ಲಿಗೆ ಬಂದಾಗ, ಹುಟ್ಟಿದಾಗಿನಿಂದ ಮೊದಲ ಸಲ ಕಾಕಾ ಹೂಂ ಅನ್ನಲಿಲ್ಲ.

"ತಂದರ ದೊಡ್ಡದ ತರಬೇಕು. ಆನಿ ತರೂ ಮನ್ಯಾಗ ಆಡು ಯಾಕ ತರತೀ?" ಎಂದು ಅಪ್ಪ.

"ಹಾಸಿಗಿ ಇದ್ದಷ್ಟು ಕಾಲು ಚಾಚಬೇಕಣ್ಣಾ. ನಮಗ ಸಣ್ಣದ ಸಾಕು," ಎಂದು ಕಾಕಾ.

ಯಾಕೆ ಸಣ್ಣದು ಎಂದರೆ "ಸಾಕಲ್ಲ" ಅನ್ನುತ್ತಿದ್ದ. ಅದರಾಚೆಗೆ ಒಂದು ಮಾತಿಲ್ಲ.

ಇಲ್ಲಿ ನಿಮಗೊಂದು ವಿಷಯ ಹೇಳಿಬಿಡುತ್ತೇನೆ. ನನಗೆ ಆಗ ತಿಳಿಯದೆ ಇದ್ದದ್ದು, ಆದರೆ ಊರಿನ ಕಟ್ಟೆಯ ಮೇಲೆ ಕೂಡುವವರಿಗೆಲ್ಲ ತಿಳಿದದ್ದು. ದೊಡ್ಡ ಟ್ರಾಕ್ಟರಿಗೆ ಒಂಬತ್ತು ಎಕರೆ ಎಲ್ಲಿಗೂ ಸಾಲದು. ನಡುವಿನ ಬದು ಒಡೆದು ಹದಿನೆಂಟೂ ಒಂದೇ ಪಟ್ಟಿ ಮಾಡಬೇಕು. ಹಾಗೆ ಮಾಡಿದವರು ಮುಂದೆ ಬೇರೆಯಾಗುವ ಮಾತು ಆಡುವುದಿಲ್ಲ. ಸಣ್ಣದಾದರೆ ಬದುವಿನ ಈ ಕಡೆಯೇ ತಿರುಗಿಕೊಳ್ಳುತ್ತದೆ, ಒಂಬತ್ತೇ ಎಕರೆ ಇದ್ದವನಿಗೂ ಸಾಕಾಗುತ್ತದೆ. ಅಂದರೆ ದೊಡ್ಡದು ಬಂದರೆ ಅಣ್ಣ ತಮ್ಮ ಕೂಡಿ ಇರುತ್ತಾರೆ, ಸಣ್ಣದು ಬಂದರೆ ಬೇರೆಯಾಗುತ್ತಾರೆ ಎಂದು ಊರು ಆಗಲೇ ಲೆಕ್ಕ ಹಾಕಿ ಕಾಯುತ್ತ ಕುಳಿತಿತ್ತು. ನಾನೊಬ್ಬ, ಓದಿದವನು, ಇದನ್ನು ಟ್ರಾಕ್ಟರಿನ ಪ್ರಶ್ನೆ ಎಂದುಕೊಂಡೆ.

"ನೀ ಓದಿದಾಂವ. ನೀ ಹೇಳು," ಎಂದ ಅಪ್ಪ. ಕಾಕಾನೂ ನನ್ನ ಕಡೆ ಕೈ ತೋರಿಸಿ "ತಮ್ಮಾ ಹೇಳಿದಂಗ ಆಗಲಿ," ಅಂದುಬಿಟ್ಟ.

ಅವ್ವ ನನ್ನನ್ನು ಒಲೆಯ ಹತ್ತಿರ ಕರೆದಳು. ರೊಟ್ಟಿ ಬಡಿಯುತ್ತಲೇ, ಮುಖ ಎತ್ತದೆ, "ನಿನಗ ಏನರ ಗೊತ್ತೈತೇನು ಅದರಾಗ?" ಎಂದು ಕೇಳಿದಳು. ಇಲ್ಲ ಎಂದೆ. "ಹಂಗಾರ ಗೊತ್ತಿಲ್ಲ ಅಂತ ಅಂದುಬಿಡು. ಗೊತ್ತಿಲ್ಲ ಅಂದಾವರಿಂದ ಯಾರ ಮನೀನೂ ಕೆಟ್ಟಿಲ್ಲ," ಅಂದಳು. ಬಿ.ಎ. ಮುಗಿಸಿ, ಬಿ.ಎಡ್. ಮುಗಿಸಿ, ನಲವತ್ತು ಮಕ್ಕಳ ಮುಂದೆ ದಿನಾ ಕೈಯಲ್ಲಿ ಸೀಮೆಸುಣ್ಣ ಹಿಡಿಯುವವನು ಗೊತ್ತಿಲ್ಲ ಅನ್ನುವುದೆಂದರೆ ಹೇಗೆ? ನಾನು ಒಂದು ಇನ್ನೂರು ಪುಟದ ನೋಟುಬುಕ್ಕು ಕೊಂಡೆ. ಮೊದಲ ಪುಟದಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ "ಸಣ್ಣದು", ಬಲಕ್ಕೆ "ದೊಡ್ಡದು" ಎಂದು ಬರೆದು, ಎರಡರ ಕೆಳಗೂ ಕೆಂಪು ಶಾಯಿಯಲ್ಲಿ ಗೆರೆ ಹಾಕಿದೆ. ನೋಡಲು ಬಹಳ ಚೆಂದ ಕಾಣುತ್ತಿತ್ತು.

ಮೊದಲು ಮುನವಳ್ಳಿಗೆ ಹೋದೆ. ಅಲ್ಲಿ ಅವ್ವನ ಕಡೆಯ ಬಂಧುವೊಬ್ಬರು ಸಣ್ಣ ಟ್ರಾಕ್ಟರ್ ತಂದಿದ್ದರು. ಅವರು ನನ್ನನ್ನು ಕೂಡಿಸಿ, ಚಹಾ ಕೊಟ್ಟು, ಅರ್ಧ ತಾಸು ಆ ಟ್ರಾಕ್ಟರನ್ನು ಬೈದರು. "ಕರಿಕಿಯೊಳಗ ನೇಗಿಲ ಇಳಿಸಿದರ ಮೂತಿ ಎತ್ತತೈತಿ ತಮ್ಮಾ. ಮುಂದಿನ ಗಾಲಿ ಮ್ಯಾಲ, ನಾ ಆಕಾಶ ನೋಡಕೋತ ಕುಂದರಬೇಕು. ನಿಮ್ಮಪ್ಪಗ ಹೇಳು, ಸಾಲ ಆದರೂ ಚಿಂತಿಲ್ಲ, ದೊಡ್ಡದ ತರಬೇಕು." ಬಲಗಡೆ ಬರೆದುಕೊಂಡೆ. ಮನಸ್ಸು ಹಗುರಾಯಿತು. ದೊಡ್ಡದೇ ಸರಿ.

ಮುಂದಿನ ವಾರ ರಾಮದುರ್ಗದ ಕಡೆಗೆ ಹೋದೆ. ಅಲ್ಲಿ ನನ್ನ ಜೊತೆ ಓದಿದವನೊಬ್ಬನ ಮನೆಯಲ್ಲಿ ದೊಡ್ಡ ಟ್ರಾಕ್ಟರಿತ್ತು. ಬೇವಿನ ಗಿಡದ ನೆರಳಿನಲ್ಲಿ ನಿಂತಿತ್ತು. ಅದರ ಸೀಟಿನ ಮೇಲೆ ಒಂದು ಕೋಳಿ ಕಾವಿಗೆ ಕುಳಿತಿತ್ತು. ಗೆಳೆಯನ ಅಪ್ಪ ಕೋಳಿಯನ್ನು ಎಬ್ಬಿಸಲಿಲ್ಲ, ದೂರದಿಂದಲೇ ತೋರಿಸಿದರು. "ಹನ್ನೆರಡು ಎಕರೆಕ್ಕ ಇದು ನಾಲ್ಕು ದಿನದ ಕೆಲಸ್ರಿ. ಉಳಿದ ದಿನ ಹಿಂಗ ನಿಂತಿರತೈತಿ. ಹಸಿ ಎರಿಯೊಳಗ ಇಳಿಸಿದರ ಹೂತು ಬಿಡತೈತಿ, ಎಬ್ಬಸಾಕ ಮತ್ತ ಎತ್ತು ತರಬೇಕು. ನೀವು ಶ್ಯಾಣ್ಯಾರಿದ್ದೀರಿ, ಸಣ್ಣದ ತಗೋರಿ." ಹಾಗಾದರೆ ಇದನ್ನು ಮಾರಬಾರದೇ ಎಂದು ಕೇಳಿದೆ. ಅವರಿಗೆ ಸಿಟ್ಟೇ ಬಂತು. "ಯಾಕ ಮಾರಬೇಕ್ರಿ? ಅಂಗಳದಾಗ ನಿಂತರೂ ಮರ್ಯಾದಿ ಐತಿ," ಅಂದರು. ಎಡಗಡೆ ಬರೆದುಕೊಂಡೆ. ಆಮೇಲೆ ಸ್ವಲ್ಪ ಯೋಚಿಸಿ ಮರ್ಯಾದೆಯನ್ನು ಬಲಗಡೆ ಬರೆದೆ.

ಸವದತ್ತಿಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ಆ ಪುಟ ಓದಿದರೆ ನನಗೇ ಏನೂ ತಿಳಿಯಲಿಲ್ಲ. ಸಣ್ಣದಿದ್ದವರು ದೊಡ್ಡದು ತಗೋ ಅನ್ನುತ್ತಾರೆ, ದೊಡ್ಡದಿದ್ದವರು ಸಣ್ಣದು ತಗೋ ಅನ್ನುತ್ತಾರೆ. ಸಣ್ಣದು ಹತ್ತಿಯ ಸಾಲುಗಳ ನಡುವೆ ಎಡೆ ಹೊಡೆದು ಕಳೆ ತೆಗೆಯುತ್ತದೆ. ದೊಡ್ಡದು ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡು ಬೈಲಹೊಂಗಲದ ಪೇಟೆಗೆ ಹೋಗುತ್ತದೆ. ಎಡೆ ಹೊಡೆಯದಿದ್ದರೆ ಹತ್ತಿಯೇ ಇಲ್ಲ, ಪೇಟೆಗೆ ಹೋಗದಿದ್ದರೆ ಹತ್ತಿ ಇದ್ದೂ ಇಲ್ಲ. ಮುನವಳ್ಳಿಯಿಂದ ಬರುವಾಗ ದೊಡ್ಡದರ ಪಕ್ಷದವನಾಗಿದ್ದೆ, ರಾಮದುರ್ಗದಿಂದ ಹೊರಟಾಗ ಸಣ್ಣದರ ಪಕ್ಷ ಸೇರಿದ್ದೆ, ಸವದತ್ತಿಗೆ ಬರುವಷ್ಟರಲ್ಲಿ ಎತ್ತುಗಳೇ ಒಳ್ಳೆಯವು ಅನ್ನಿಸತೊಡಗಿತ್ತು. ತರಗತಿಯಲ್ಲಿ ಪಾಠ ಮಾಡುವಾಗಲೂ ಅದೇ ಗುಂಗು. ಒಮ್ಮೆ ಅಕ್ಬರನ ಸೈನ್ಯದಲ್ಲಿ ಮೂವತ್ತೈದು ಕುದುರೆ ಶಕ್ತಿಯ ಆನೆಗಳಿದ್ದವು ಎಂದು ಹೇಳಿದೆ. ಮಕ್ಕಳು ಹಾಗೇ ಬರೆದುಕೊಂಡವು.

ಕೊನೆಗೆ ಇಮಾಮಸಾಬನನ್ನು ಹಿಡಿದೆ. ಬೈಲಹೊಂಗಲದ ಹತ್ತಿ ವ್ಯಾಪಾರಿಯೊಬ್ಬರ ದೊಡ್ಡ ಟ್ರಾಕ್ಟರ್ ಹೊಡೆಯುತ್ತಿದ್ದ ಡ್ರೈವರು ಅವನು. ಸುತ್ತಲಿನ ಹತ್ತು ಊರುಗಳ ಹೊಲಗಳ ಮೂಲೆ ಮೂಲೆಯೂ ಅವನಿಗೆ ಗೊತ್ತಿತ್ತು. ನನ್ನ ನೋಟುಬುಕ್ಕನ್ನು ತಿರುವಿ ನೋಡಿ, ಅಕ್ಷರ ಛಲೋ ಅದಾವು ಎಂದು ಹೊಗಳಿದ.

"ಮಾಸ್ತರ, ಟ್ರಾಕ್ಟರ್ ಬಿಡ್ರಿ. ನೇರ ಯಾವನಾರ ಹೊಡೀತಾನ. ತಿರುಗಾಕ ಜಾಗ ಎಷ್ಟೈತಿ, ಅದನ್ನ ಹೇಳ್ರಿ. ನಿಮ್ಮ ನಡುವಿನ ಬದು ಒಡೀತೀರೋ ಇಟಗೋತೀರೋ?"

"ಅದಿನ್ನೂ ತಿಳಿದಿಲ್ಲ," ಎಂದೆ.

ಅವನು ನನ್ನ ಮುಖವನ್ನು ಒಂದು ಕ್ಷಣ ನೋಡಿದ. "ಅದು ಮೊದಲ ತಿಳಕೋರಿ. ಅದು ತಿಳದ ಮ್ಯಾಲ ಟ್ರಾಕ್ಟರ್ ಕೇಳೂದ ಬ್ಯಾಡ." ಆಮೇಲೆ ಬೀಡಿ ಹಚ್ಚಿ, "ದೊಡ್ಡವರ ಮಾತು, ನನಗ್ಯಾಕ," ಎಂದು ಬೇರೆ ಸುದ್ದಿ ತೆಗೆದ. ನಾನೆಂಥ ಮಂಕನೆಂದರೆ, ಆ ರಾತ್ರಿ "ತಿರುಗಲು ಜಾಗ: ಅಳೆಯಬೇಕು" ಎಂದು ನೋಟುಬುಕ್ಕಿನಲ್ಲಿ ಬರೆದೆ.

ಅಳೆದೆ ಕೂಡ. ಶನಿವಾರ ಸಂಜೆ ಕಾಕಾನನ್ನು ಕರೆದುಕೊಂಡು ಹೊಲಕ್ಕೆ ಹೋಗಿ, ಹಗ್ಗ ಹಿಡಿದು ಬದುವಿನುದ್ದಕ್ಕೂ ಓಡಾಡಿದೆವು. ಕಾಕಾ ಹಗ್ಗದ ತುದಿ ಹಿಡಿದು ಮುಂದೆ ನಡೆಯುತ್ತಿದ್ದ. ಭಾನುವಾರ ಮುಂಜಾನೆ ಅಪ್ಪನ ಜೊತೆ ಬೈಲಹೊಂಗಲಕ್ಕೆ ಹೋದೆ. ಟ್ರಾಕ್ಟರಿನ ಏಜೆಂಟರು ಮರುದಿನವೇ ಹೆಸರು ಹಚ್ಚಿಸಬೇಕೆಂದರು. ಆಗೆಲ್ಲ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕಿತ್ತು. ಅಂದು ತಪ್ಪಿದರೆ ಪಾಳಿ ಎಲ್ಲಿಗೋ ಹೋಗುತ್ತಿತ್ತು. ಅಪ್ಪ ದಾರಿಯುದ್ದಕ್ಕೂ "ಏನಂತ ತೀರ್ಮಾನ ಮಾಡಿದಿ?" ಎಂದು ಕೇಳುತ್ತಿದ್ದ. ನಾನು ಅತ್ತ ದರಿ ಇತ್ತ ಪುಲಿ ಎಂಬಂತಾಗಿ ಕಿಟಕಿಯ ಹೊರಗೆ ನೋಡುತ್ತಿದ್ದೆ.

ಮನೆಗೆ ಬಂದು ಊಟ ಮುಗಿಸಿದೆವು. ಪಡಸಾಲೆಯಲ್ಲಿ ಎಲ್ಲರೂ ಇದ್ದರು. ಅವ್ವ ಮೊರದಲ್ಲಿ ಕುಸುಬಿ ಹಸನು ಮಾಡುತ್ತಿದ್ದಳು, ಕಾಕಿ ಕುಡಿಯಲು ನೀರು ತಂದಿದ್ದಳು. ಎರಡು ಬಣ್ಣದ ಕಾಗದ ಮತ್ತೆ ನಡುವೆ ಬಂದವು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನನ್ನ ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಎಡಕ್ಕೆ ಹದಿನೇಳು ಕಾರಣ, ಬಲಕ್ಕೂ ಹದಿನೇಳು ಕಾರಣ. ಆಗ ನನಗೊಂದು ಜಾಣತನ ಹೊಳೆಯಿತು. ಯಾರಿಗೂ ನೋವಾಗದಂತೆ, ನ್ಯಾಯವಾಗಿ, ನನ್ನ ತಲೆಯ ಮೇಲೂ ಬರದಂತೆ.

"ಅಪ್ಪಾ, ಹಿಂಗ ಮಾಡೂಣು. ನೀ ಹಿರಿಯಾಂವ, ನೀ ಎರಡೂ ಮುಂದಿಡು. ಕಾಕಾ ಸಣ್ಣಾಂವ, ಮೊದಲ ಕಾಕಾ ಆರಿಸಲಿ," ಎಂದೆ.

ಮೊರ ನಿಂತಿತು. ಕಾಕಿ ಹಿಡಿದಿದ್ದ ತಂಬಿಗೆ ಹಾಗೇ ಉಳಿಯಿತು. ಅಪ್ಪ ನನ್ನನ್ನು ನೋಡಲಿಲ್ಲ, ಕಾಕಾನನ್ನು ನೋಡಿದ. ಕಾಕಾ ಅಪ್ಪನನ್ನು ನೋಡಿದ.

ನಮ್ಮ ಕಡೆಯವರಿಗೆ ಬಿಡಿಸಿ ಹೇಳುವುದು ಬೇಡ. ಬೇರೆ ಕಡೆಯವರಿದ್ದರೆ ಕೇಳಿ: ಅಣ್ಣ ತಮ್ಮ ಬೇರೆಯಾಗುವಾಗ ಹಿರಿಯನು ಆಸ್ತಿಯನ್ನು ಎರಡು ಪಾಲು ಮಾಡಿ ಮುಂದಿಡಬೇಕು, ಕಿರಿಯನು ಮೊದಲು ಆರಿಸಿಕೊಳ್ಳಬೇಕು. ಅದು ಪದ್ಧತಿ. ಹಿರಿಯನಿಗೆ ಮೋಸ ಮಾಡಲು ಅವಕಾಶ ಇರಬಾರದೆಂದು ಹಿಂದಿನವರು ಮಾಡಿದ್ದು. ಪಂಚರು ಬಂದು ಕುಳಿತ ದಿನ ಮನೆಯಲ್ಲಿ ಕೇಳಬೇಕಾದ ಮಾತು ಅದು. ಅದನ್ನು ನಾನು ಮಜ್ಜಿಗೆ ಕುಡಿದ ಬಾಯಲ್ಲಿ, ನಗುತ್ತ ನಗುತ್ತ ಆಡಿಬಿಟ್ಟಿದ್ದೆ.

"ಅಣ್ಣಾ, ಆರಿಸಲೇನು?" ಎಂದು ಕಾಕಾ ಕೇಳಿದ.

"ಆರಿಸು," ಎಂದ ಅಪ್ಪ.

ಕಾಕಾ ಬಗ್ಗಿ ಸಣ್ಣ ಟ್ರಾಕ್ಟರಿನ ಕಾಗದ ಎತ್ತಿಕೊಂಡ. ಅದನ್ನು ಮಡಚುತ್ತ, "ಹೊಲದಾಗ?" ಎಂದ.

"ಬದು ಐತೆಲ್ಲ ನಡುವ. ಅದನ್ನೂ ನೀನ ಹೇಳು."

"ಮ್ಯಾಲಿಂದು ನಿನಗಿರಲಿ. ಬಾವಿ ಐತಿ."

ಅವರು ಟ್ರಾಕ್ಟರನ್ನು ಮೊದಲು ಯಾವ ಹೊಲಕ್ಕೆ ಇಳಿಸಬೇಕೆಂದು ಮಾತಾಡುತ್ತಿದ್ದಾರೆ ಎಂದುಕೊಂಡೆ ನಾನು. ನನ್ನ ಉಪಾಯ ಇಷ್ಟು ಬೇಗ ಫಲಿಸಿತಲ್ಲ ಎಂದು ಹಿಗ್ಗಿದೆ. ನೋಟುಬುಕ್ಕಿನಲ್ಲಿ "ತೀರ್ಮಾನ: ಸಣ್ಣದು" ಎಂದು ಬರೆದು, ಸಹಿ ಮಾಡಿ, ನಾಲ್ಕು ಗಂಟೆಯ ಬಸ್ಸಿಗೆ ಕಿತ್ತೂರಿಗೆ ಹೋದೆ.

ಮುಂದಿನ ಶನಿವಾರ ಬಂದಾಗ ಮನೆಯಲ್ಲಿ ಎರಡು ಒಲೆ ಇದ್ದವು. ಹಿತ್ತಲಿನ ಕಡೆಯ ಖೋಲಿಯಲ್ಲಿ ಕಾಕಿ ಹೊಸ ಒಲೆ ಹೂಡಿದ್ದಳು. ಮಣ್ಣು ಇನ್ನೂ ಹಸಿಯಿತ್ತು. ಅಪ್ಪ ಒಬ್ಬನೇ ಕುಳಿತು ಉಣ್ಣುತ್ತಿದ್ದ. ಅಪ್ಪ ಒಬ್ಬನೇ ಉಣ್ಣುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅದನ್ನು ನೋಡಿದಾಗಲೇ ನನಗೆ ನಾನೇನು ಅಂದೆನೆಂಬುದು ತಿಳಿದದ್ದು. ಅಲ್ಲೇ ಅಪ್ಪನ ಮುಂದೆ ಕುಳಿತು, "ಅಪ್ಪಾ, ಅದು ನಾ ಸುಮ್ಮನ ಅಂದದ್ದು. ಯಾರೂ ಹೇಳಿಕೊಟ್ಟಿದ್ದಲ್ಲ," ಎಂದೆ.

"ಶನಿವಾರ ಸಂಜೀಕ ಇಬ್ಬರೂ ಹಗ್ಗ ಹಿಡದು ಬದು ಅಳದೀರಿ. ಊರೆಲ್ಲ ನೋಡೇತಿ," ಎಂದ ಅಪ್ಪ. "ಕಾಕಾನ ಮ್ಯಾಲ ಮಾತು ಬರಬಾರದಂತ ನೀ ಹೊತಗೊಳ್ಳಾಕ ಬಂದಿ. ಇರಲಿ, ಛಲೋ ಆತು. ಅವನ ಸುದ್ದಿ ಇನ್ನ ತಗೀಬ್ಯಾಡ."

ಅವ್ವನಿಗೆ ಹೇಳಿದೆ. ಅವ್ವನೂ ನಂಬಲಿಲ್ಲ. "ನೀ ಅವನ ಕೈಯಾಗ ಬೆಳದಾಂವ, ಹಂಗ ಅಂತೀ," ಅಂದಳು. ಕಾಕಾನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ನಾನೂ ಊರಿನವರ ಲೆಕ್ಕವನ್ನೇ ನಂಬಿಬಿಟ್ಟಿದ್ದೆ. ಕಾಕಾನ ಮನಸ್ಸಿನಲ್ಲಿ ಬೇರೆಯಾಗುವುದು ಇಲ್ಲದಿದ್ದರೆ ಅಷ್ಟು ಹಟ ಹಿಡಿದು ಸಣ್ಣದನ್ನೇ ಯಾಕೆ ಕೇಳಬೇಕು? ನನ್ನ ಮಾತು ಅವನಿಗೆ ಒಂದು ನೆವ ಆಯಿತು, ಅಷ್ಟೆ. ಹೀಗೆ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಅವನ ಮೇಲೆ ಸ್ವಲ್ಪ ಸಿಟ್ಟೂ ಬಂತು. ನಾಚಿಕೆಯಾಗುತ್ತದೆ ಈಗ ಹೇಳಲಿಕ್ಕೆ.

ಜಗಳವೇನೂ ಇರಲಿಲ್ಲ. ಹಬ್ಬದ ಹೋಳಿಗೆ ಆ ಒಲೆಯಿಂದ ಈ ಕಡೆಗೆ, ಈ ಒಲೆಯಿಂದ ಆ ಕಡೆಗೆ ಹೋಗುತ್ತಿತ್ತು. ಒಂದೂವರೆ ವರ್ಷದ ಮೇಲೆ ಕಾಕಾನ ಪಾಳಿ ಬಂದು ಸಣ್ಣ ಟ್ರಾಕ್ಟರ್ ಬಂತು. ಒಂಬತ್ತು ಎಕರೆಗೆ ದೊಡ್ಡದು ಯಾಕೆಂದು ಅಪ್ಪ ಹೆಸರೇ ಹಚ್ಚಿರಲಿಲ್ಲ. ಅವ್ವನೇ ಹೋಗಿ ಆರತಿ ಮಾಡಿದಳು. ನೋಡಲು ಬಂದ ಮುದುಕನೊಬ್ಬ ಸುತ್ತ ತಿರುಗಿ ನೋಡಿ, ಎತ್ತು ಕೊಳ್ಳುವಾಗ ಸುಳಿ ಹುಡುಕುವ ಹಾಗೆ ಅದರ ಬೆನ್ನು ಸವರಿ, "ಇದರ ಜೋಡಿ ಯಾವಾಗ ತರತೀ ಕಲ್ಲಪ್ಪಾ? ಒಂಟಿ ಎತ್ತು ಒಳ್ಳೇದಲ್ಲ," ಅಂದ. ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ಕಾಕಾ ಮೊದಲು ನಮ್ಮ ಒಂಬತ್ತು ಎಕರೆ ಹರಗಿಕೊಟ್ಟು ಆಮೇಲೆ ತನ್ನ ಹೊಲಕ್ಕೆ ಇಳಿಸಿದ. ಪ್ರತಿ ವರ್ಷವೂ ಹಾಗೆಯೇ ಮಾಡಿದ. ಅಪ್ಪ ಬದುವಿನ ಮೇಲೆ ನಿಂತು ನೋಡುತ್ತಿದ್ದ. "ಉಣ್ಣಾಕ ಬಾ" ಎಂದು ಅಪ್ಪ ಕರೆಯಲಿಲ್ಲ. ಕರೆದರೆ ತಮ್ಮನಿಗೆ ಮುಜುಗರ ಆದೀತು ಎಂದು ಅಪ್ಪನ ಲೆಕ್ಕ. ಕರೆಯದೆ ಹೇಗೆ ಹೋಗುವುದು ಎಂದು ಕಾಕಾನ ಲೆಕ್ಕ. ಹೀಗೆ ನಾಲ್ಕು ಸುಗ್ಗಿ ಕಳೆದವು. ಐದನೆಯದಕ್ಕೆ ಅಪ್ಪ ಇರಲಿಲ್ಲ.

ಅಪ್ಪ ಹೋದ ಮರುವರ್ಷ, ರಜೆಗೆಂದು ಊರಿಗೆ ಬಂದಿದ್ದೆ. ಕಾಕಾನಿಗೆ ಬೆನ್ನುನೋವು. ಮಧ್ಯಾಹ್ನದ ಹೊತ್ತಿಗೆ ಹೊಲಕ್ಕೆ ಕರೆದುಕೊಂಡು ಹೋಗಿ, "ನೀ ಹೊಡಿ, ನಾ ಬಾಜೂಕ ನಿಂತು ಹೇಳತೇನಿ," ಎಂದು ನನ್ನನ್ನು ಟ್ರಾಕ್ಟರಿನ ಮೇಲೆ ಕೂಡಿಸಿದ. ನಾನು ಅಪ್ಪನ ಹಾಗೆ ಉದ್ದ. ಕುಳಿತರೆ ಮೊಣಕಾಲು ಎರಡೂ ಸ್ಟೇರಿಂಗಿಗೆ ಬಡಿಯುತ್ತಿದ್ದವು. ನಾಲ್ಕು ಮಾರು ಹೋಗುವಷ್ಟರಲ್ಲಿ ಎರಡು ಸಲ ನಿಲ್ಲಿಸಿಬಿಟ್ಟೆ.

"ಏನು ಕಾಕಾ ಇದು, ಮನಿಶ್ಯಾರು ಕೂಡೂ ಗಾಡಿ ಏನಿದು? ದೊಡ್ಡದ ತರಬಾರದಿತ್ತೇನು?" ಎಂದೆ.

ಕಾಕಾನ ಮುಖದಲ್ಲಿ ಒಂದು ನಗೆ ಬಂತು. ಕಳ್ಳತನ ಸಿಕ್ಕಿಬಿದ್ದ ಹುಡುಗರಿಗೆ ಬರುತ್ತದಲ್ಲ, ಅಂಥದು.

"ಕಾಲು ನಿಲಕಲಿಲ್ಲೋ ತಮ್ಮಾ," ಅಂದ.

"ಏನು?"

"ದೊಡ್ಡದರ ಕ್ಲಚ್ಚಿಗೆ ನನ್ನ ಕಾಲು ನಿಲಕಲಿಲ್ಲ. ಇಮಾಮಸಾಬನ ಗಾಡಿ ಹತ್ತಿ ನೋಡಿದ್ದೆ, ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿ. ಸೀಟಿನ ತುದಿಗೆ ಬಂದು ಒತ್ತಿದರ ಸ್ಟೇರಿಂಗ್ ಹೊಟ್ಟೀಗೆ ಬರತಿತ್ತು. ಅಣ್ಣಗ ಹೆಂಗ ಹೇಳಲಿ?"

ಕಾಕಾ ಗಿಡ್ಡ. ಈ ಸಂಗತಿಯನ್ನು ನಾನು ನಿಮಗೆ ಮೊದಲೇ ಹೇಳಬೇಕಿತ್ತು. ಆದರೆ ನಮ್ಮ ಮನೆಯಲ್ಲಿ ಅದನ್ನು ಯಾರೂ ಹೇಳುತ್ತಿರಲಿಲ್ಲ, ನನಗೂ ಅದೇ ರೂಢಿ. ಹರೆಯದಲ್ಲಿ ಗರಡಿಯ ಪೈಲ್ವಾನ. ಯಾರಾದರೂ "ಗಿಡ್ಡ" ಅಂದರೆ ಅಂದವನನ್ನು ಎತ್ತಿ ಒಗೆಯುತ್ತಿದ್ದ. ಅಪ್ಪ ತಮ್ಮನ ಭುಜದ ಮೇಲೆ ಕೈಯಿಟ್ಟು ನಡೆಯುತ್ತಿರಲಿಲ್ಲ, ಎತ್ತರ ಎದ್ದು ಕಾಣುತ್ತದೆಂದು. ಒಂದು ಕ್ಲಚ್ಚಿನ ಸಲುವಾಗಿ ಇಷ್ಟೆಲ್ಲ ಆಯಿತೇ? ನನಗೆ ನಗು ಉಕ್ಕಿ ಬಂತು. ಅದರ ಬೆನ್ನಿಗೇ ಒಂದು ಪ್ರಶ್ನೆ ಎದ್ದಿತು.

"ಹಂಗಾರ ನಿನಗ ಬ್ಯಾರೆ ಆಗೂದು ಬೇಕಾಗಿದ್ದಿಲ್ಲೇನು?" ಎಂದು ಕೇಳಿದೆ.

"ನನಗ್ಯಾಕ ಬೇಕಾಗಿತ್ತೋ?" ಎಂದ ಕಾಕಾ. "ನಾನೂ ಒಂದು ಮಾತು ಕೇಳತೇನಿ, ಇಷ್ಟು ವರ್ಷ ಕೇಳಬೇಕಂತ ಕೇಳಿಲ್ಲ. ನಿಮ್ಮಪ್ಪ ಯಾಕ ನನ್ನ ಬ್ಯಾರೆ ಮಾಡಿದ? ಅವತ್ತ ಮುಂಜಾನೆ ಬೈಲಹೊಂಗಲಕ್ಕ ಇಬ್ಬರ ಹೋಗಿದ್ರಿ. ಬಂದಾವನ ನೀ ಆ ಮಾತು ಅಂದಿ. ತಾನು ಹೇಳಲಾರದ ಮಗನ ಬಾಯಿಂದ ಹೇಳಿಸಿದ ಅಂತ ತಿಳಕೊಂಡೆ. ನಾ ಏನು ತಪ್ಪು ಮಾಡಿದ್ದೆ ಅವಗ?"

ಅಪ್ಪನ ಲೆಕ್ಕದಲ್ಲಿ ನನಗೆ ಹೇಳಿಕೊಟ್ಟವನು ಕಾಕಾ. ಕಾಕಾನ ಲೆಕ್ಕದಲ್ಲಿ ಅಪ್ಪ. ನನ್ನ ಲೆಕ್ಕದಲ್ಲಿ ನಾನು ಜಾಣ. ಟ್ರಾಕ್ಟರಿನ ಮೇಲೆ ಕುಳಿತೇ ಇದ್ದೆ.

"ಅಪ್ಪ ಹೇಳಿದ್ದಿಲ್ಲ ಕಾಕಾ," ಎಂದೆ. "ಯಾರೂ ಹೇಳಿದ್ದಿಲ್ಲ. ಎರಡರಾಗ ಯಾವುದು ಅಂತ ನನಗ ತಿಳೀಲಿಲ್ಲ. ತಪ್ಪಿ ಅಂದೆ. ಅಪ್ಪ ನಿನ್ನ ದಾರಿ ಕಾದ. ಕಡೀತನ ಒಬ್ಬನ ಉಣ್ಣಾಕ ಅವಗ ಸೇರತಿದ್ದಿಲ್ಲ."

ಬೈಯುತ್ತಾನೆ, ಹೊಡೆದರೂ ಹೊಡೆಯಬಹುದು ಎಂದುಕೊಂಡೆ. ಹೊಡೆಯಲಿ ಅನ್ನಿಸಿತ್ತು. ಕಾಕಾ ಟ್ರಾಕ್ಟರಿನ ಗಾಲಿಗೆ ಕೈಯೂರಿ ನಿಂತ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಹಂಗಾರ ಅಣ್ಣ ನನ್ನ ಹೊರಗ ಹಾಕಿದ್ದಿಲ್ಲ," ಎಂದ.

"ಇಲ್ಲ ಕಾಕಾ."

"ಹಾಕಿದ್ದಿಲ್ಲ," ಎಂದು ತನಗೆ ತಾನೇ ಇನ್ನೊಮ್ಮೆ ಅಂದುಕೊಂಡ.

ದೂರದಲ್ಲಿ, ಬದುವಿನ ಆ ತುದಿಯಲ್ಲಿ, ಕಾಕಿ ಬುತ್ತಿ ಹೊತ್ತು ಬರುತ್ತಿದ್ದಳು. ಕಾಕಾ ಎರಡೂ ಕೈ ಬಾಯಿಗೆ ಹಚ್ಚಿ, ಬೆನ್ನುನೋವು ಮರೆತು, ಜೋರಾಗಿ ಕೂಗಿದ. "ಏ, ಕೇಳಿದೇನ! ಅಣ್ಣ ಅಂದಿದ್ದಿಲ್ಲಂತ! ಅಣ್ಣ ಅಂದಿದ್ದಿಲ್ಲಂತ!" ಅವಳಿಗೆ ಕೇಳಿಸಲಿಲ್ಲ. ಏನು ಎಂದು ಅಲ್ಲಿಂದಲೇ ಕೈಯಾಡಿಸಿದಳು. ಕಾಕಾ ಅವಳ ಕಡೆಗೆ ಓಡತೊಡಗಿದ.